ಹುಷಾರಾಗುತ್ತಲೇ ಇದ್ದ ನಾಯಿಗಳು

ನಮ್ಮ ಪ್ರಯೋಗಕ್ಕೆ ಸೇರಿಸಿಕೊಂಡ ನಾಯಿಗಳೆಲ್ಲ ಹುಷಾರಾಗುತ್ತಿದ್ದವು. ನನ್ನ ತಲೆನೋವು ಶುರುವಾದದ್ದೇ ಅಲ್ಲಿಂದ.

ಯಾಕೆಂದರೆ ಅರ್ಧದಷ್ಟು ನಾಯಿಗಳಿಗೆ ನಾವು ಔಷಧಿಯನ್ನೇ ಕೊಡುತ್ತಿರಲಿಲ್ಲ. ವಯಸ್ಸಾದ ನಾಯಿಗಳ ಕೀಲುನೋವಿಗೆಂದು ಬಂದ ಹೊಸ ಮಾತ್ರೆಯೊಂದು ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡುವುದು ನನ್ನ ಪಿಎಚ್.ಡಿ. ವಿಷಯ. ಜಪಾನಿನ ನಗೋಯಾದಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಒಂದು ವಿಶ್ವವಿದ್ಯಾಲಯ, ಅದರದ್ದೇ ಪ್ರಾಣಿ ಆಸ್ಪತ್ರೆ. ಅರ್ಧ ನಾಯಿಗಳಿಗೆ ಅಸಲಿ ಮಾತ್ರೆ, ಉಳಿದರ್ಧಕ್ಕೆ ಅದೇ ಬಣ್ಣದ, ಅದೇ ವಾಸನೆಯ ಬರೀ ಪಿಷ್ಟದ ಬಿಲ್ಲೆ. ಯಾವ ನಾಯಿಗೆ ಯಾವುದು ಅನ್ನುವುದು ಔಷಧ ವಿಭಾಗದ ಕಂಪ್ಯೂಟರಿಗೆ ಮಾತ್ರ ಗೊತ್ತು. ನನಗೆ ಗೊತ್ತಿಲ್ಲ, ನನ್ನ ಪ್ರೊಫೆಸರಿಗೆ ಗೊತ್ತಿಲ್ಲ, ನಾಯಿ ಸಾಕಿದವರಿಗಂತೂ ಗೊತ್ತಿಲ್ಲ. ಪಿಷ್ಟ ತಿಂದ ಕೆಲವು ನಾಯಿಗಳೂ ಸುಧಾರಿಸಿದಂತೆ ಕಾಣುವುದು ಈ ಕೆಲಸದಲ್ಲಿ ಮಾಮೂಲು. ಸಾಕಿದವರ ಆಸೆಗಣ್ಣು ಹಾಗೆ ನೋಡುತ್ತದೆ. ಆದರೆ ಎಲ್ಲವೂ? ಒಂದೂ ಬಿಡದೆ?

ಇಲ್ಲಿ ನನ್ನ ಸ್ಥಿತಿಯನ್ನೂ ಹೇಳಿಬಿಡಬೇಕು. ಊರಲ್ಲಿ ಹಸುವಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ತಿರುಗಿಸಿದ ಡಾಕ್ಟರು ನಾನು. ಜಪಾನಿನ ಲೈಸೆನ್ಸ್ ಇಲ್ಲದ ಕಾರಣ ಇಲ್ಲಿ ಒಂದು ನಾಯಿಗೆ ಒಂದು ಸೂಜಿ ಚುಚ್ಚುವ ಹಾಗಿಲ್ಲ. ಅಳೆಯಬಹುದು, ಬರೆದುಕೊಳ್ಳಬಹುದು, ನಾಯಿ ಹಿಡಿದುಕೊಳ್ಳಬಹುದು. ಅಷ್ಟೇ. ಆದರೂ ಎಲ್ಲರೂ ನನ್ನನ್ನು ಸೆನ್ಸೇ ಅನ್ನುತ್ತಿದ್ದರು, ಡಾಕ್ಟರಿಗೂ ಮೇಷ್ಟರಿಗೂ ಇಲ್ಲಿ ಅದೇ ಮಾತು. ಪ್ರತಿ ಸಲವೂ ಅದು ಸಣ್ಣಗೆ ಚುಚ್ಚುತ್ತಿತ್ತು.

ನಾಯಿ ಸುಧಾರಿಸಿದೆಯೋ ಇಲ್ಲವೋ ತಿಳಿಯಲು ನಾವು ಮೂರು ದಾರಿ ಇಟ್ಟುಕೊಂಡಿದ್ದೆವು. ಮೊದಲನೆಯದು ನೆಲದಲ್ಲಿ ಹೂತಿಟ್ಟ ಒಂದು ಹಲಗೆ. ನಾಯಿ ಅದರ ಮೇಲೆ ಹೆಜ್ಜೆ ಇಟ್ಟರೆ ಯಾವ ಕಾಲಿಗೆ ಎಷ್ಟು ಭಾರ ಬಿತ್ತು ಎಂದು ಕಂಪ್ಯೂಟರ್ ತೋರಿಸುತ್ತದೆ. ನೋವಿರುವ ಕಾಲಿನ ಮೇಲೆ ನಾಯಿ ಭಾರ ಬಿಡುವುದಿಲ್ಲ, ಅದು ಸುಳ್ಳು ಹೇಳದ ಲೆಕ್ಕ. ಆದರೆ ನಾಯಿ ಒಂದೇ ವೇಗದಲ್ಲಿ, ನೇರವಾಗಿ, ತಲೆ ಆ ಕಡೆ ಈ ಕಡೆ ಹೊರಳಿಸದೆ ನಡೆಯಬೇಕು. ಅಂಥ ನಡಿಗೆ ಕೆಲವಾದರೂ ಸಿಗಬೇಕು. ಸಿಗುತ್ತಿರಲಿಲ್ಲ. ಒಂದು ನಾಯಿ ಹಲಗೆಯನ್ನು ಹಾರಿ ದಾಟುತ್ತಿತ್ತು. ಇನ್ನೊಂದು ಅದರ ಮೇಲೆಯೇ ಮಲಗುತ್ತಿತ್ತು. ಡಾಕ್ಸುಂಡ್ ಒಂದು ಹಲಗೆಯವರೆಗೆ ಚೆನ್ನಾಗಿ ಬಂದು, ನನ್ನ ಮುಖ ನೋಡಿ, ಅಲ್ಲೇ ಮೂತ್ರ ಮಾಡಿತು. ಹಲಗೆಯನ್ನು ಒರೆಸಿ, ಒಣಗಿಸಿ, ಮತ್ತೆ ಸೊನ್ನೆಗೆ ಹೊಂದಿಸಲು ಅರ್ಧ ಬೆಳಗ್ಗೆ ಹೋಯಿತು. ಅದನ್ನು ಸಾಕಿದವರು ಅಷ್ಟು ಹೊತ್ತೂ ನನಗೆ ಬಗ್ಗಿ ಬಗ್ಗಿ ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳುತ್ತಾ ನಿಂತಿದ್ದರು.

ಎರಡನೆಯದು ಕೊರಳ ಪಟ್ಟಿಗೆ ಸಿಕ್ಕಿಸುವ ಸಣ್ಣ ಯಂತ್ರ. ನಾಯಿ ದಿನಕ್ಕೆ ಎಷ್ಟು ಓಡಾಡಿತು ಎಂದು ಅದು ಹೇಳಬೇಕು. ಅದು ಹೇಳಿದ ಪ್ರಕಾರ ನಮ್ಮ ನಾಯಿಗಳು ದಿನವಿಡೀ ಸುತ್ತುತ್ತಿದ್ದವು, ಆದರೆ ಹೆಜ್ಜೆಯನ್ನೇ ಇಡುತ್ತಿರಲಿಲ್ಲ. ಯಂತ್ರ ಕೆಟ್ಟಿದೆ ಎಂದು ಎಲ್ಲವನ್ನೂ ವಾಪಸು ತರಿಸಿ ಪರೀಕ್ಷೆ ಮಾಡಿದೆ. ಏನೂ ಕೆಟ್ಟಿರಲಿಲ್ಲ. ಆಮೇಲೆ ಒಂದು ಭಾನುವಾರ ಪಾರ್ಕಿನಲ್ಲಿ ಕೂತು ನೋಡಿದಾಗ ಅರ್ಥವಾಯಿತು: ಮುದಿ ನಾಯಿಗಳನ್ನು ಇಲ್ಲಿ ಮಗುವಿನ ತಳ್ಳುಗಾಡಿಯಂಥ ಗಾಡಿಯಲ್ಲಿ ಕೂರಿಸಿ ವಾಕಿಂಗ್ ಕರೆದೊಯ್ಯುತ್ತಾರೆ. ಎತ್ತರದ ಅಪಾರ್ಟ್‌ಮೆಂಟುಗಳಲ್ಲಂತೂ ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ ನಾಯಿಯ ಕಾಲು ನೆಲಕ್ಕೆ ತಾಗುವಂತಿಲ್ಲ ಎಂಬ ನಿಯಮ. ನಾವು ತಿಂಗಳುಗಟ್ಟಲೆ ಅಳೆದದ್ದು ನಾಯಿಯ ನಡಿಗೆಯನ್ನಲ್ಲ, ಗಾಡಿಯ ಚಕ್ರವನ್ನು.

ಉಳಿದದ್ದು ಮೂರನೆಯದು, ಸಾಕಿದವರು ತುಂಬುವ ಪ್ರಶ್ನೆಪಟ್ಟಿ. ಮೆಟ್ಟಿಲು ಹತ್ತುತ್ತದೆಯೇ, ಮಲಗಿದಲ್ಲಿಂದ ಸುಲಭವಾಗಿ ಏಳುತ್ತದೆಯೇ, ಹೀಗೆ. ಎಲ್ಲರೂ ಪ್ರತಿ ಸಲವೂ ಹಿಂದಿನದಕ್ಕಿಂತ ಒಂದು ಮನೆ ಮುಂದೆ ಗುರುತು ಹಾಕುತ್ತಿದ್ದರು. ಬಾಯಲ್ಲಿ ಕೇಳಿದರೆ, ನಿಮ್ಮೆಲ್ಲರ ದಯೆಯಿಂದ ತುಂಬಾ ಚೆನ್ನಾಗಿದ್ದಾನೆ ಅನ್ನುತ್ತಿದ್ದರು. ಮಾತ್ರೆ ಸಾಲದೆ ನಾಯಿ ನರಳಿದರೆ ಫೋನ್ ಮಾಡಿ, ಬೇರೆ ನೋವಿನ ಔಷಧಿ ಕೊಡುತ್ತೇವೆ ಎಂದು ನಾವು ಮೊದಲ ದಿನವೇ ಎಲ್ಲರಿಗೂ ಹೇಳಿದ್ದೆವು. ಒಬ್ಬರೂ ಫೋನ್ ಮಾಡಲಿಲ್ಲ.

ಒಬ್ಬರೂ ಅಂದರೆ ಒಬ್ಬರನ್ನು ಬಿಟ್ಟು. ಕಾರು ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯಲು ಬಂದ ಮೈಸೂರಿನ ಎಂಜಿನಿಯರ್ ಒಬ್ಬರು ನಗೋಯಾದಲ್ಲಿದ್ದರು. ಊರಿನಿಂದ ಕರೆತಂದ ಅವರ ಲ್ಯಾಬ್ರಡಾರ್ ಕೂಡ ನಮ್ಮ ಪ್ರಯೋಗದಲ್ಲಿತ್ತು. ಅವರು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದರು, ಅದೂ ನನ್ನ ಸ್ವಂತ ನಂಬರಿಗೆ.

"ಮೇಡಂ, ನಿನ್ನೆ ಓಕೆ ಇದ್ದ, ಇವತ್ತು ಫುಲ್ ಡಲ್. ನಿಮ್ ಟ್ಯಾಬ್ಲೆಟ್ ಝೀರೋ ಯೂಸ್ ಅನ್ಸತ್ತೆ. ಆ ಎಕ್ಸ್‌ಟ್ರಾ ಪೇನ್ ಕಿಲ್ಲರ್ ಕೊಡ್ತೀನಿ ಅಂದಿದ್ರಲ್ಲ, ಅದನ್ನ ಇವತ್ತೇ ಕೊರಿಯರ್ ಮಾಡ್ಸಿ."

ಅವರ ಫೋನ್ ಬಂದರೆ ನನಗೆ ಮೈ ಉರಿಯುತ್ತಿತ್ತು. ಪ್ರೊಫೆಸರ್ ಅವರನ್ನು 'ಕಷ್ಟದ ಯಜಮಾನರು' ಎಂದು ಕರೆದು, ಅವರ ನಾಯಿಯ ಅಂಕಿಗಳು ಉಳಿದವಕ್ಕೆ ಹೊಂದುತ್ತಿಲ್ಲ, ಕೈಬಿಡುವುದು ಒಳ್ಳೆಯದೇನೋ ಎಂದು ಮೆಲ್ಲಗೆ ಸೂಚಿಸಿದರು. ಅಂಕಿಗಳನ್ನು ಗೆರೆಯಾಗಿ ಬಿಡಿಸಿ ಗೋಡೆಗೆ ಅಂಟಿಸಿ ನೋಡಿದೆ. ಉಳಿದ ನಾಯಿಗಳದ್ದು ಸ್ಕೇಲ್ ಇಟ್ಟು ಎಳೆದಂತೆ ಮೇಲಕ್ಕೆ ಹೋಗುವ ಗೆರೆ. ಲ್ಯಾಬ್ರಡಾರಿನದ್ದು ಮಾತ್ರ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ನಾನು ನೋಡಿದ ಮುದಿ ನಾಯಿಗಳೆಲ್ಲ ಹೀಗೇ ಇದ್ದದ್ದು. ಇಡೀ ಗೋಡೆಯಲ್ಲಿ ನಾಯಿಯ ಹಾಗೆ ಕಾಣುತ್ತಿದ್ದದ್ದು ಅದೊಂದೇ ಗೆರೆ. ಅದನ್ನು ಪ್ರೊಫೆಸರಿಗೆ ಹೇಳಿದೆ. ಅವರು ತಲೆ ಒಂದು ಬದಿಗೆ ವಾಲಿಸಿ, "ಸ್ವಲ್ಪ ನೋಡೋಣ" ಅಂದರು. ಅವರು ಕೆಟ್ಟವರಲ್ಲ, ನನ್ನ ಮೇಲೆ ದನಿ ಎತ್ತಿದವರೂ ಅಲ್ಲ. ಆದರೆ ಸ್ವಲ್ಪ ನೋಡೋಣ ಎಂಬ ಮಾತಿಗೆ ಅವರಲ್ಲಿ ಕೊನೆಯೇ ಇರಲಿಲ್ಲ.

ನಾವು ಹಾಗೆ ನೋಡುತ್ತಿರುವಾಗಲೇ ಕಿನಾಕೊಳ ರಕ್ತದ ವರದಿ ಬಂತು.

ಕಿನಾಕೊ ಅಂದರೆ ಹುರಿದ ಸೋಯಾ ಹಿಟ್ಟು. ಅದೇ ಬಣ್ಣದ ಶಿಬಾ ತಳಿಯ ಮುದಿ ಹೆಣ್ಣುನಾಯಿ ಅದು, ಎರಡೂ ಹಿಂಗಾಲಿನ ಕೀಲು ಸವೆದಿತ್ತು. ಸಾಕಿದ್ದು ಒಕಾಜಾಕಿಯಲ್ಲಿ ಹಳೆಯ ಕಾಫಿ ಅಂಗಡಿ ನಡೆಸುವ ಎಪ್ಪತ್ತು ದಾಟಿದ ಹೆಂಗಸು. ಪ್ರತಿ ಭೇಟಿಗೂ ಹೊತ್ತಿಗೆ ಮೊದಲೇ ಬಂದು, ಮಡಿಲಲ್ಲಿ ಕರವಸ್ತ್ರ ಇಟ್ಟುಕೊಂಡು ಕೂತಿರುತ್ತಿದ್ದರು. ಅವರ ಗೆರೆ ಎಲ್ಲರದಕ್ಕಿಂತ ನೇರ.

ಕಿನಾಕೊಳ ರಕ್ತದಲ್ಲಿ ಕೆಂಪುಕಣಗಳ ಪಾಲು ಹಿಂದಿನ ಸಲಕ್ಕಿಂತ ಕೆಳಗಿತ್ತು, ಅದರ ಹಿಂದಿನ ಸಲಕ್ಕಿಂತ ಇನ್ನೂ ಕೆಳಗೆ. ಯೂರಿಯಾ ಏರಿತ್ತು. ಪ್ರೊಟೀನ್ ಇಳಿದಿತ್ತು. ಒಂದೊಂದಾಗಿ ನೋಡಿದರೆ ಯಾವುದೂ ಗಡಿ ದಾಟಿರಲಿಲ್ಲ, ಅಥವಾ ಕೂದಲೆಳೆಯಷ್ಟು ದಾಟಿತ್ತು. ಒಟ್ಟಿಗೆ ನೋಡಿದರೆ, ಹೊಟ್ಟೆಯೊಳಗೆ ಎಲ್ಲೋ ನಿಧಾನವಾಗಿ ರಕ್ತ ಸೋರುತ್ತಿದೆ ಎಂದು ಅನುಮಾನ ಬರುವ ಚಿತ್ರ. ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರವನ್ನು ಹುಣ್ಣು ಮಾಡುವುದು ಹೊಸ ವಿಷಯವಲ್ಲ. ನಮ್ಮ ಮಾತ್ರೆಗೆ ಆ ಗುಣವಿಲ್ಲ ಅನ್ನುವುದು ಅದರ ಹೆಗ್ಗಳಿಕೆಯಾಗಿತ್ತು.

ವಿಭಾಗದ ನರ್ಸ್ ಅಂಗಡಿಗೆ ಫೋನ್ ಮಾಡಿದರು. ಊಟ ಹೇಗಿದೆ, ವಾಂತಿ ಇದೆಯೇ, ಮಲ ಕಪ್ಪಗಿದೆಯೇ ಎಂದು ಒಂದೊಂದಾಗಿ ಕೇಳಿದರು. ವಿಶೇಷವಾಗಿ ಏನೂ ಬದಲಾವಣೆ ಇಲ್ಲ ಎಂಬ ಉತ್ತರ ಬಂತು. ನಾನು ಪ್ರೊಫೆಸರ ಕೋಣೆಗೆ ಹೋಗಿ, ಕಿನಾಕೊಳನ್ನು ತಕ್ಷಣ ಕರೆಸಿ, ಪ್ರಯೋಗದಿಂದ ಹೊರಗಿಡೋಣ ಅಂದೆ. ನಿಯಮದ ಪ್ರಕಾರ ಅಂಕಿ ಇನ್ನೂ ಅಷ್ಟು ಕೆಟ್ಟಿಲ್ಲ, ಯಜಮಾನರೇ ಏನೂ ಇಲ್ಲ ಅನ್ನುತ್ತಿದ್ದಾರೆ, ಮುಂದಿನ ಭೇಟಿ ಹತ್ತಿರವೇ ಇದೆ ಅಂದರು. ಒಂದೊಂದು ನಾಯಿ ಕಳೆದುಕೊಂಡರೂ ಪ್ರಯೋಗ ಕುಂಟುತ್ತದೆ ಎಂದು ನನಗೇ ನೆನಪಿಸಿದರು. ಆಮೇಲೆ ಮತ್ತೆ ಅದೇ ಸ್ವಲ್ಪ ನೋಡೋಣ.

ಅವತ್ತು ನಾನು ಮಾಡಿದ್ದು ನಿಯಮದಲ್ಲಿಲ್ಲದ ಕೆಲಸ. ಕೊರಳಪಟ್ಟಿಯ ಯಂತ್ರದ ಬ್ಯಾಟರಿ ನೋಡಬೇಕು ಎಂದು ನರ್ಸಿಗೆ ಹೇಳಿ, ಮರುದಿನ ಬೆಳಗ್ಗೆ ಒಕಾಜಾಕಿಯ ರೈಲು ಹತ್ತಿದೆ. ಬ್ಯಾಟರಿ ಅಂದಾಗ ನರ್ಸ್ ನನ್ನ ಮುಖ ನೋಡಿದರು. ಅದನ್ನು ಹೋದ ವಾರವಷ್ಟೇ ಬದಲಾಯಿಸಿದ್ದು ಅವರೇ.

ಅಂಗಡಿಯಲ್ಲಿ ಬೆಳಗಿನ ಕಾಫಿಗೆ ಬಂದ ಹಳೆಯ ಗಿರಾಕಿಗಳು ಪೇಪರ್ ಓದುತ್ತಾ ಕೂತಿದ್ದರು. ಆ ಕಡೆ ಬೆಳಗ್ಗೆ ಕಾಫಿ ಕೇಳಿದರೆ ಜೊತೆಗೆ ಟೋಸ್ಟ್ ಬರುತ್ತದೆ. ಮೇಲೆ ಕೆಂಪು ಕಾಳಿನ ಸಿಹಿ, ನಮ್ಮ ಹೋಳಿಗೆಯ ಹೂರಣದ ಹಾಗೆ. ಕಿನಾಕೊ ಬಾಗಿಲ ಪಕ್ಕದ ಚಾಪೆಯ ಮೇಲೆ ಮಲಗಿತ್ತು. ನಾನು ಒಳಗೆ ಬಂದಾಗ ತಲೆ ಎತ್ತಲಿಲ್ಲ, ಕಣ್ಣು ಮಾತ್ರ ಹೊರಳಿಸಿತು. ಯಜಮಾನಿ ಕೌಂಟರಿನ ಹಿಂದಿನಿಂದ ಬಂದು ಬಗ್ಗಿ, ಇಷ್ಟು ದೂರ ಬಂದಿರಲ್ಲ, ಎಂಥ ತೊಂದರೆ ಕೊಟ್ಟೆವು ಅಂದರು.

ಕಿನಾಕೊ ಹೇಗಿದೆ ಎಂದು ಕೇಳಿದೆ. ಚೆನ್ನಾಗಿದೆ. ಊಟ? ಮಾಡುತ್ತದೆ. ಸುಸ್ತು? ಮಳೆಗಾಲವಲ್ಲವೇ, ಎಲ್ಲರಿಗೂ ಇರುತ್ತದೆ. ಮಲದ ಬಣ್ಣ? ಅಷ್ಟು ಗಮನಿಸಿಲ್ಲ, ಕ್ಷಮಿಸಿ. ನಾನು ಕೇಳಿದಷ್ಟೂ ಅವರು ಇನ್ನಷ್ಟು ನಯವಾಗುತ್ತಾ ಹೋದರು. ನನ್ನ ಜಪಾನಿ ಭಾಷೆ ಮುಗಿಯುತ್ತಾ ಬಂತು. ತಾಳ್ಮೆ ಅದಕ್ಕೂ ಮೊದಲೇ ಮುಗಿದಿತ್ತು. ನಮ್ಮ ಕಡೆಯವರಾಗಿದ್ದರೆ ಇಷ್ಟು ಹೊತ್ತಿಗೆ ನಾಯಿಯ ಜೊತೆಗೆ ಮನೆಮಂದಿಯ ರೋಗವನ್ನೆಲ್ಲ ಹೇಳಿ, ನನಗೆ ನಾಲ್ಕು ಬೈದು ಮುಗಿಸಿರುತ್ತಿದ್ದರು.

ಅವರು ಟೋಸ್ಟ್ ತರಲು ತಿರುಗಿದರು. ಕೌಂಟರಿನ ಅಂಚು ಹಿಡಿದು, ಬಲಗಾಲನ್ನು ಎಳೆದು ಹಾಕುತ್ತಾ ನಡೆದರು. ಆಸ್ಪತ್ರೆಯಲ್ಲಿ ಅವರು ಹಾಗೆ ನಡೆದದ್ದನ್ನು ನಾನು ನೋಡಿರಲಿಲ್ಲ.

"ಕಾಲು ನೋವೇ?" ಎಂದು ಕೇಳಿದೆ. ಬೇರೆ ಯಾವ ಉದ್ದೇಶವೂ ಇರಲಿಲ್ಲ.

"ಮೊಣಕಾಲು. ವಯಸ್ಸಾಯಿತಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಒಳ್ಳೆಯ ಮಾತ್ರೆ."

"ಮಾತ್ರೆ ತೆಗೆದುಕೊಂಡೂ ಇಷ್ಟು ನೋವೇ?"

"ಈಗ ಅರ್ಧವೇ ತೆಗೆದುಕೊಳ್ಳುವುದು."

"ಇನ್ನರ್ಧ?"

ಅವರು ಟೋಸ್ಟಿನ ತಟ್ಟೆಯನ್ನು ನನ್ನ ಮುಂದಿಟ್ಟು, ಅದನ್ನು ಸ್ವಲ್ಪ ಸರಿಮಾಡಿ ಇಟ್ಟು, ಬಾಗಿಲ ಪಕ್ಕದ ಚಾಪೆಯ ಕಡೆ ನೋಡಿದರು.

ಆ ಅರ್ಧವನ್ನು ಬೆಣ್ಣೆ ಸವರಿದ ಟೋಸ್ಟಿನ ತುಂಡಿನೊಳಗಿಟ್ಟು ಬೆಳಗ್ಗೆ ಒಂದು ಸಲ ಕೊಡುತ್ತಿದ್ದರಂತೆ. ಶುರುಮಾಡಿ ಒಂದು ತಿಂಗಳ ಮೇಲಾಗಿತ್ತು. ಮೊದಲಿಗೆ ಕಿನಾಕೊ ಎದ್ದು ಬಾಗಿಲವರೆಗೆ ಬರುವಷ್ಟು ಹುಷಾರಾಯಿತಂತೆ. ಅದಕ್ಕೇ ಮುಂದುವರಿಸಿದರು. ಮನುಷ್ಯರ ಆ ಜಾತಿಯ ಮಾತ್ರೆ ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ಏನು ಮಾಡುತ್ತದೆ ಎಂದು ನಾನು ಹೇಳಿದೆ. ಅವರ ಕೈ ಏಪ್ರನ್ನಿನ ಅಂಚನ್ನು ಹಿಡಿದುಕೊಂಡಿತು. ನಮಗೆ ಯಾಕೆ ಫೋನ್ ಮಾಡಲಿಲ್ಲ, ಬೇರೆ ಔಷಧಿ ಕೊಡುತ್ತೇವೆ ಎಂದು ಹೇಳಿದ್ದೆವಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಪೇಪರ್ ಓದುತ್ತಿದ್ದವರು ತಲೆ ಎತ್ತಲಿಲ್ಲ, ಆದರೆ ಯಾರೂ ಪುಟ ತಿರುಗಿಸುತ್ತಿರಲಿಲ್ಲ.

"ನೀವು ಅಷ್ಟು ದೂರದ ದೇಶದಿಂದ ಒಬ್ಬರೇ ಬಂದು ಕಷ್ಟಪಡುತ್ತಿದ್ದೀರಿ," ಅಂದರು. "ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ನಾನು ಹೇಳಿದರೆ ನಿಮ್ಮ ಓದು ಹಾಳಾಗುವುದಿಲ್ಲವೇ?"

ಕೋಪ ಬಂತು. ಆ ಹೆಂಗಸಿನ ಮೇಲೆ ಬರಬೇಕಿದ್ದ ಕೋಪಕ್ಕೆ ಅಲ್ಲಿ ನಿಲ್ಲಲು ಜಾಗ ಸಿಗಲಿಲ್ಲ. ನನಗೆ ಒಳ್ಳೆಯದಾಗಲಿ ಎಂದು ಸುಳ್ಳು ಬರೆದು, ನಾಯಿಗೆ ಒಳ್ಳೆಯದಾಗಲಿ ಎಂದು ತನ್ನ ಮಾತ್ರೆ ಮುರಿದು ಕೊಟ್ಟು, ತಾನು ಕುಂಟುತ್ತಾ ಕಾಫಿ ಕೊಡುತ್ತಿದ್ದವರ ಹತ್ತಿರ ಏನೆಂದು ಜಗಳವಾಡುವುದು?

ಚಾಪೆಯ ಹತ್ತಿರ ಕೂತು ಕಿನಾಕೊಳ ತುಟಿ ಎತ್ತಿ ನೋಡಿದೆ. ವಸಡು ಗುಲಾಬಿ ಇರಬೇಕಿತ್ತು, ಕಾಗದದಷ್ಟು ಬಿಳಿಚಿತ್ತು. ಒತ್ತಿ ಬಿಟ್ಟರೆ ಬಣ್ಣ ಮರಳಲು ತುಂಬಾ ಹೊತ್ತು ಹಿಡಿಯಿತು. ತೊಡೆಯ ಒಳಗೆ ನಾಡಿ ಬೆರಳಿಗೆ ಸಿಗುವಷ್ಟಿತ್ತು, ಅಷ್ಟೇ. ಆಸ್ಪತ್ರೆಗೆ ಫೋನ್ ಮಾಡಿ ನರ್ಸಿಗೆ ಹೇಳಿದೆ. ಅವರು ಒಂದೂ ಪ್ರಶ್ನೆ ಕೇಳದೆ, ಡಾಕ್ಟರಿಗೆ ತಿಳಿಸಿ ರಕ್ತ ಸಿದ್ಧ ಮಾಡಿಸುತ್ತೇನೆ ಅಂದರು. ಪೇಪರ್ ಓದುತ್ತಿದ್ದ ಗಿರಾಕಿಯೊಬ್ಬರು ಆಗಲೇ ಎದ್ದು ವ್ಯಾನಿನ ಕೀ ತೆಗೆದಿದ್ದರು. ಯಜಮಾನಿ ಅಂಗಡಿಯ ಬೋರ್ಡ್ ತಿರುಗಿಸುವುದನ್ನೂ ಮರೆತು ಹತ್ತಿದರು. ದಾರಿಯುದ್ದಕ್ಕೂ ಅವರು ನನಗೆ ಕ್ಷಮೆ ಕೇಳುತ್ತಿದ್ದರು. ದಯವಿಟ್ಟು ಸುಮ್ಮನಿರಿ ಎಂದು ಕೊನೆಗೆ ಹೇಳಿದೆ. ಸುಮ್ಮನಾದರು. ಅದಕ್ಕೂ ನನಗೆ ಬೇಸರವಾಯಿತು.

ಆಸ್ಪತ್ರೆಯಲ್ಲಿ ಲೈಸೆನ್ಸ್ ಇರುವ ಕಿರಿಯ ಡಾಕ್ಟರೊಬ್ಬರು ಸೂಜಿ ಹಾಕಲು ನಿಂತರು. ರಕ್ತದ ಒತ್ತಡ ಬಿದ್ದ ನಾಯಿಯ ನರ ದಾರದ ಹಾಗೆ ಜಾರಿಕೊಳ್ಳುತ್ತದೆ. ಒಂದು ಸಲ ತಪ್ಪಿತು. ಮತ್ತೆ ತಪ್ಪಿತು. ನಾನು ಗೋಡೆಗೆ ಒರಗಿ, ಬೆನ್ನ ಹಿಂದೆ ಕೈಗಳನ್ನು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಂಡಿದ್ದೆ. ನರ್ಸ್ ತಿರುಗಿ ನೋಡಿ, ಮುಂಗಾಲನ್ನು ನೀವು ಹಿಡಿದುಕೊಳ್ಳಿ ಅಂದರು. ಹಿಡಿಯುವುದಕ್ಕೆ ಲೈಸೆನ್ಸ್ ಬೇಡ. ಮೊಣಕೈ ಮೇಲೆ ಹೆಬ್ಬೆರಳು ಒತ್ತಿ, ಚರ್ಮವನ್ನು ಸ್ವಲ್ಪ ಹೊರಗೆ ತಿರುಗಿಸಿ, ನರ ಜಾರದಂತೆ ಹಿಡಿದು ಕೊಟ್ಟೆ. ಮೂರನೆಯ ಸಲ ಸೂಜಿ ಕೂತಿತು. ರಕ್ತ ಕೊಟ್ಟದ್ದು ನರ್ಸ್ ಸಾಕಿದ ಗೋಲ್ಡನ್ ರಿಟ್ರೀವರ್. ರಕ್ತ ಹೊಂದುತ್ತದೆಯೇ ಎಂದು ನೋಡುವಷ್ಟೂ ಹೊತ್ತು ಅದು ಬಾಲ ಆಡಿಸುತ್ತಾ ಕೂತಿತ್ತು.

ಎರಡು ನೋವಿನ ಔಷಧಿ ಒಟ್ಟಿಗೆ ಹೊಟ್ಟೆ ಸೇರಿದೆಯೋ ಎಂದು ಚಿಕಿತ್ಸೆ ಮಾಡುವವರಿಗೆ ತಿಳಿಯಬೇಕಿತ್ತು. ಪ್ರೊಫೆಸರ್ ತರಗತಿಯಿಂದ ಬಂದವರೇ ಔಷಧ ವಿಭಾಗಕ್ಕೆ ಹೇಳಿ, ಕಿನಾಕೊಳದ್ದು ಅಸಲಿ ಮಾತ್ರೆಯೋ ಪಿಷ್ಟವೋ ಎಂಬ ಗುಟ್ಟನ್ನು ತೆರೆಸಿದರು. ನನ್ನನ್ನು ಕೋಣೆಯಿಂದ ಆಚೆ ಕಳಿಸಿದರು. ಉಳಿದ ನಾಯಿಗಳ ಅಂಕಿಗಳನ್ನು ಇನ್ನೂ ಅಳೆಯಬೇಕಾದವಳು ನಾನು, ನನಗೆ ತಿಳಿಯಬಾರದು. ಆ ನಿಯಮ ಸರಿಯಾದದ್ದೇ. ಆದರೂ ಕಾರಿಡಾರಿನಲ್ಲಿ ನಿಂತು, ಮುಚ್ಚಿದ ಬಾಗಿಲು ನೋಡುತ್ತಾ, ಜಪಾನಿಗೆ ಬಂದ ಮೇಲೆ ಮೊದಲ ಸಲ ಕನ್ನಡದಲ್ಲಿ ಜೋರಾಗಿ ಬೈದೆ. ಯಾರಿಗೂ ಅರ್ಥವಾಗಲಿಲ್ಲ ಅನ್ನುವುದೊಂದೇ ಸಮಾಧಾನ.

ಕಿನಾಕೊ ಬದುಕುತ್ತದೆ ಎಂದು ಖಾತ್ರಿಯಾದ ಮೇಲೆ ಪ್ರೊಫೆಸರ ಕೋಣೆಗೆ ಹೋದೆ. ಎಲ್ಲ ಯಜಮಾನರಿಗೂ ಇವತ್ತೇ ಫೋನ್ ಮಾಡಿ, ನಾಯಿಗೆ ಬೇರೆ ಏನೇನು ಕೊಡುತ್ತಿದ್ದಾರೆ ಎಂದು ಕೇಳಬೇಕು ಅಂದೆ. ಹಾಗೆ ಕೇಳಿದರೆ ನಾವು ಅವರನ್ನು ಅನುಮಾನಿಸಿದಂತಾಗುತ್ತದೆ, ಸ್ವಲ್ಪ ನೋಡೋಣ ಅಂದರು.

"ನೋಡುತ್ತಾ ಕೂತದ್ದಕ್ಕೇ ಹೀಗಾಯಿತು, ಸೆನ್ಸೇ. ನೀವು ಫೋನ್ ಮಾಡಿಸದಿದ್ದರೆ ನಾನು ಈ ಕೆಲಸ ಇಲ್ಲಿಗೇ ನಿಲ್ಲಿಸುತ್ತೇನೆ."

ಜಪಾನಿನಲ್ಲಿ ಪ್ರೊಫೆಸರಿಗೆ ವಿದ್ಯಾರ್ಥಿ ಹೇಳುವ ಮಾತಲ್ಲ ಅದು. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, ನೀವು ಕೇಳಿದರೆ ಹೇಳುವುದಿಲ್ಲ, ನಾನು ಕೇಳಿದರೆ ಇನ್ನೂ ಹೇಳುವುದಿಲ್ಲ, ನರ್ಸ್ ಮಾಡಲಿ ಅಂದರು. ಮೊದಲು ನಮ್ಮ ಕಡೆಯಿಂದ ಕ್ಷಮೆ ಕೇಳಲಿ. ಸರಿಯಾಗಿ ಕೇಳದೇ ಇದ್ದದ್ದು ನಮ್ಮ ತಪ್ಪು, ಅದರಿಂದ ಒಂದು ನಾಯಿಗೆ ಅಪಾಯವಾಯಿತು, ನೀವು ನಿಜ ಹೇಳಿದರೆ ನಮಗೆ ದೊಡ್ಡ ಉಪಕಾರ ಎಂದು ಹೇಳಲಿ. ಆಗ ಹೇಳುತ್ತಾರೆ.

ಹೇಳಿದರು. ಅಷ್ಟು ದಿನ ಚೆನ್ನಾಗಿದ್ದಾನೆ ಎಂದವರೆಲ್ಲ ಹೇಳಿದರು. ಒಬ್ಬರು ತಮ್ಮ ಬೆನ್ನಿಗೆ ಹಚ್ಚುವ ನೋವಿನ ಪಟ್ಟಿಯನ್ನು ಕತ್ತರಿಸಿ ನಾಯಿಯ ಸೊಂಟಕ್ಕೆ ಅಂಟಿಸುತ್ತಿದ್ದರು. ಇಬ್ಬರು ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಸದ್ದಿಲ್ಲದೆ ಇಂಜೆಕ್ಷನ್ ಹಾಕಿಸಿದ್ದರು. ಮೀನೆಣ್ಣೆ, ಅರಿಸಿನದ ಪುಡಿ, ಅಕ್ಯುಪಂಕ್ಚರ್, ಎಲ್ಲ ಇತ್ತು. ಡಾಕ್ಸುಂಡಿನ ಯಜಮಾನರು ನಮ್ಮ ಮಾತ್ರೆಯನ್ನು ಕೊಟ್ಟೇ ಇರಲಿಲ್ಲ. ನಾಯಿಗೆ ವಾಸನೆ ಹಿಡಿಸಲಿಲ್ಲವಂತೆ. ಆದರೆ ಪ್ರತಿ ತಿಂಗಳೂ 'ತುಂಬಾ ಸುಧಾರಿಸಿದೆ' ಎಂದು ಗುರುತು ಹಾಕಿದ್ದರು. ನರ್ಸ್ ಒಂದೊಂದು ಫೋನ್ ಇಟ್ಟ ಮೇಲೂ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಿದ್ದರು, ನಾನು ತಲೆಯ ಮೇಲೆ ಕೈ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದೆ. ಮೈಸೂರಿನ ಎಂಜಿನಿಯರ್ ಮಾತ್ರ, ನೀವು ಕೊಟ್ಟದ್ದನ್ನು ಬಿಟ್ಟು ಏನೂ ಕೊಟ್ಟಿಲ್ಲ, ಬೇಕಾದರೆ ಎಕ್ಸೆಲ್ ಶೀಟ್ ಕಳಿಸುತ್ತೇನೆ ಅಂದರು. ಕಳಿಸಿಯೂ ಬಿಟ್ಟರು.

ಪ್ರಯೋಗ ನಿಂತಿತು. ನಿಲ್ಲಿಸುವ ಪತ್ರಕ್ಕೆ ಪ್ರೊಫೆಸರ್ ತಾವೇ ಸಹಿ ಮಾಡಿ, ಸಮಿತಿಯ ಮುಂದೆ ತಾವೇ ನಿಂತು ಉತ್ತರ ಕೊಟ್ಟರು. ನನ್ನ ಹೆಸರು ಎತ್ತಲಿಲ್ಲ. ಡಿಗ್ರಿ ಒಂದು ವರ್ಷ ಮುಂದೆ ಹೋಯಿತು, ವೀಸಾದ ಓಡಾಟ ಮತ್ತೆ ಶುರುವಾಯಿತು, ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಲು ಹೋಗಿ ಅರ್ಧಕ್ಕೇ ಬಿಟ್ಟೆ. ಹೊಸದಾಗಿ ಶುರುಮಾಡುವಾಗ ಮೂರು ಬದಲಾವಣೆಗೆ ನಾನು ಹಟ ಹಿಡಿದೆ. ಹೆಚ್ಚಿನ ನೋವಿನ ಔಷಧಿಯನ್ನು ಯಾರೂ ಕೇಳಬೇಕಾಗಿಲ್ಲ, ಮೊದಲ ದಿನವೇ ಮನೆಗೆ ಕೊಟ್ಟು ಕಳಿಸುವುದು, ಎಷ್ಟು ಖರ್ಚಾಯಿತು ಎಂದು ನಾವೇ ಎಣಿಸುವುದು. ನಾಯಿ ಹೇಗಿದೆ ಎಂದು ಯಾರನ್ನೂ ಕೇಳದೆ, ಅದು ಬೆಳಗ್ಗೆ ಏಳುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಸಿಕೊಳ್ಳುವುದು. ಗಾಡಿಗೆ ಬೇರೆ ಯಂತ್ರ. ಮೂರನೆಯದಕ್ಕೆ ಪ್ರೊಫೆಸರ್ ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಳೆಯ ಪ್ರಯೋಗದ ಗುಟ್ಟುಗಳನ್ನೆಲ್ಲ ತೆರೆದಾಗ ಕೊನೆಗೂ ನನಗೆ ತಿಳಿಯಿತು. ಆ ಶನಿವಾರ ಒಕಾಜಾಕಿಗೆ ಹೋದೆ. ಕಿನಾಕೊ ಈಗ ಅಲ್ಲಿನ ಡಾಕ್ಟರು ಬರೆದುಕೊಟ್ಟ ನಾಯಿಯ ಔಷಧಿ ತೆಗೆದುಕೊಳ್ಳುತ್ತಿತ್ತು. ಪೂರ್ತಿ ಹುಷಾರೇನಲ್ಲ, ಎದ್ದು ಬಂದು ನನ್ನ ಬೂಟು ಮೂಸಿ ಮತ್ತೆ ಮಲಗಿತು. ಯಜಮಾನಿ ತಮ್ಮ ಮಾತ್ರೆಯನ್ನು ಪೂರ್ತಿ ತೆಗೆದುಕೊಳ್ಳುತ್ತಿದ್ದರು, ಕೌಂಟರ್ ಹಿಡಿಯದೆ ನಡೆಯುತ್ತಿದ್ದರು. ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದಾಗ, ನಾವು ಕಿನಾಕೊಳಿಗೆ ಅಷ್ಟು ದಿನ ಕೊಟ್ಟದ್ದು ಔಷಧಿ ಅಲ್ಲ, ಬರೀ ಪಿಷ್ಟ ಎಂದು ಹೇಳಿದೆ. ಕ್ಷಮೆ ಕೇಳಬೇಕೋ ಬೇಡವೋ ತಿಳಿಯದೆ ಬಗ್ಗಿದೆ.

ಅವರು ಒರೆಸುತ್ತಿದ್ದ ಕಪ್ಪನ್ನು ಕೆಳಗಿಟ್ಟರು.

"ಹಾಗೇ ಅಂದುಕೊಂಡಿದ್ದೆ," ಅಂದರು. "ಮೊದಲ ವಾರವೇ."